ಹುಲಿಗೆವ್ವನ ಮುರಿದ ಕೈ

ಹೊಳೆಗೆ ಇನ್ನೂ ಸೇತುವೆ ಬಂದಿರದ ಕಾಲವಂತೆ. ಯಾವ ಕಾಲ, ಯಾರ ಆಳಿಕೆ ಎಂದು ನನ್ನನ್ನು ಕೇಳಬೇಡಿ, ನನಗೆ ಹೇಳಿದ ನನ್ನಜ್ಜಿಗೂ ಗೊತ್ತಿರಲಿಲ್ಲ. ದಂಡೆಯ ಮೇಲೊಂದು ಊರು, ಆ ಊರಿಗೆ ಒಬ್ಬಳು ಅಂಬಿಗಿತ್ತಿ, ಅವಳ ಹೆಸರು ಹುಲಿಗೆವ್ವ. ಗಂಡ ಸತ್ತ ಮೇಲೆ ಅವನ ಹರಿಗೋಲನ್ನು ತಾನೇ ನೀರಿಗಿಳಿಸಿದವಳು. ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ದೊಡ್ಡ ಹರಿಗೋಲು ಅದು. ಅದನ್ನು ಒಬ್ಬಳೇ ಎತ್ತಿ ತಲೆಯ ಮೇಲೆ ಕವುಚಿಕೊಂಡು ಮನೆಗೆ ನಡೆಯುತ್ತಿದ್ದಳಂತೆ. ಒಮ್ಮೆ ನಡುನೀರಿನಲ್ಲಿ ಎತ್ತು ಬೆದರಿದಾಗ ಅದರ ಕೊಂಬು ಹಿಡಿದು ಮಲಗಿಸಿಬಿಟ್ಟಳಂತೆ. ಎಷ್ಟು ನಿಜವೋ, ನೀವೇ ಕಳೆದು ಕೂಡಿಸಿಕೊಳ್ಳಿ. ಅವಳ ತೋಳು ಗಟ್ಟಿಯಾಗಿತ್ತು ಎನ್ನುವುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅವಳಿಗೊಬ್ಬಳು ತಂಗಿ, ಸಂಗವ್ವ. ಗಂಡನನ್ನೂ ಎಳೆಗೂಸನ್ನೂ ಒಂದೇ ಬೇನೆಗೆ ಕಳೆದುಕೊಂಡು ಅಕ್ಕನ ಮನೆಗೆ ಬಂದು ಬಿದ್ದವಳು. ಊರಿನವರು ಕೆಟ್ಟವರೇನಲ್ಲ. ಜೋಳ ಕೊಟ್ಟರು, ಸೀರೆ ಕೊಟ್ಟರು, ಅಯ್ಯೋ ಪಾಪ ಎಂದರು. ಆದರೆ ಮದುವೆಮನೆಯಲ್ಲಿ ಶಾವಿಗೆ ಹೊಸೆಯಲು ಅವಳನ್ನು ಕರೆಯಲಿಲ್ಲ. ಬಾಣಂತಿಯ ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಅವಳು ಕೂಸಿಗೆ ಕೈ ಚಾಚಿದರೆ ತಾಯಂದಿರು ಕೂಸಿನ ಮೇಲೆ ಮೆಲ್ಲಗೆ ಸೆರಗು ಎಳೆದುಕೊಂಡರು. ಹುಲಿಗೆವ್ವ ಕೂಡ, ನೀ ಕುಂದರು, ನಾ ಮಾಡ್ತೀನಿ ಎಂದು ಅವಳ ಕೈಯಿಂದ ಕಸಬರಿಗೆ ಕಿತ್ತುಕೊಳ್ಳುತ್ತಿದ್ದಳಂತೆ. ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತಿದ್ದಳು, ಪಾಪ.

ಆ ಹೊತ್ತಿಗೆ ಹೊಳೆಯ ನಡುಗಡ್ಡೆಗೆ ಬಯಲಪ್ಪಜ್ಜ ಎಂಬೊಬ್ಬ ಸಾಧು ಬಂದು ನೆಲೆಸಿದ. ಅಲ್ಲಿ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲವಂತೆ. ಬೆರಳು ಕರಗಿದ ರೋಗಿಯೂ, ಹೊಲೆಗೇರಿಯಿಂದ ಬಂದವನೂ, ಗಂಡ ಬಿಟ್ಟವಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರಂತೆ. ಅಜ್ಜನ ಕಟ್ಟಳೆ ಒಂದೇ ಆಗಿತ್ತು: ನೆರವು ಕೇಳಿ ಕೈ ಚಾಚಿದವರಿಗೆ ಇಲ್ಲ ಎನ್ನಬಾರದು. ಸಂಗವ್ವ ಒಮ್ಮೆ ಅಕ್ಕನ ಜೊತೆ ಸುಮ್ಮನೆ ನೋಡಲು ಹೋದಳು. ಹರಿಗೋಲಿನಿಂದ ಇಳಿದಳೋ ಇಲ್ಲವೋ, ಯಾರೋ ಒಬ್ಬಳು ಓಡಿ ಬಂದು, ಯವ್ವಾ, ಒಲಿ ಮ್ಯಾಲೆ ಹಾಲೈತಿ, ಈಟು ಇದನ್ನ ಹಿಡಿ ಎಂದು ತನ್ನ ಕೂಸನ್ನು ಅವಳ ಕಂಕುಳಿಗೆ ತುರುಕಿ ಓಡಿಹೋದಳಂತೆ. ಸಂಗವ್ವ ಆ ಕೂಸನ್ನು ಎತ್ತಿಕೊಂಡು ನಿಂತೇ ನಿಂತಳು. ಸಂಜೆ ಹುಲಿಗೆವ್ವ ಒಬ್ಬಳೇ ಮರಳಿದಳು.

ನಡುಗಡ್ಡೆಗೆ ಹೋದವರೆಲ್ಲ ಬುದ್ಧಿಗೇಡಿಗಳು ಎನ್ನುವವರು ಈಗಲೂ ಇದ್ದಾರೆ. ಅವರಿಗೆ ನಾನು ಈ ಕೂಸಿನ ಮಾತನ್ನೇ ಹೇಳುತ್ತೇನೆ. ಹುಲಿಗೆವ್ವನೂ ಅದನ್ನು ಕಣ್ಣಾರೆ ಕಂಡಿದ್ದಳು, ಅದಕ್ಕೇ ಬಂದ ಬಂದವರನ್ನೆಲ್ಲ ಕೂಲಿ ಇಲ್ಲದೆ ದಾಟಿಸಿದಳು.

ಕೆಟ್ಟದ್ದು ಒಂದೇ ದಿನಕ್ಕೆ ಬರಲಿಲ್ಲವಂತೆ. ಉಪ್ಪು ಬಿಡಿ ಎಂದ ಅಜ್ಜ, ಬಿಟ್ಟರು. ದಂಡೆಯ ಸಂತೆ ಬಿಡಿ ಎಂದ, ಬಿಟ್ಟರು. ದಂಡೆಯ ನೆಂಟರನ್ನು ಬಿಡಿ ಎಂದ, ಅತ್ತರು, ಆಮೇಲೆ ಬಿಟ್ಟರು. ದೊಡ್ಡ ನೀರು ಬರುತ್ತದೆ, ದಂಡೆಯ ಪಾಪವನ್ನೆಲ್ಲ ತೊಳೆಯುತ್ತದೆ, ನಮ್ಮ ಗಡ್ಡೆ ಮಾತ್ರ ತೇಲಿ ಉಳಿಯುತ್ತದೆ ಎಂದ. ತಮ್ಮ ಹರಿಗೋಲುಗಳನ್ನು ತಾವೇ ಸುಟ್ಟರು. ಅವನು ಕಳ್ಳನಾಗಿದ್ದರೆ ಈ ಕತೆ ಸಲೀಸಾಗುತ್ತಿತ್ತು. ಅವನು ಕಳ್ಳನಲ್ಲ, ತನ್ನ ಮಾತನ್ನು ಎಲ್ಲರಿಗಿಂತ ಹೆಚ್ಚು ತಾನೇ ನಂಬಿದ್ದನಂತೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಹೊಳೆ ಕೆಂಪಗೆ ತಿರುಗಿತು. ಬೇರುಸಹಿತ ಮರಗಳು ಬಂದವು, ಸತ್ತ ದನ ಬಂದವು, ಯಾರದೋ ಮನೆಯ ತೊಟ್ಟಿಲು ಬಂತು. ತೊಟ್ಟಿಲು ಕಂಡದ್ದೇ ಹುಲಿಗೆವ್ವ ಗಡ್ಡೆಗೆ ಹೋಗಿ ಕೈಮುಗಿದು ಕರೆದಳು. ಅವರು ನಕ್ಕು, ಯಕ್ಕಾ, ಮುಳುಗೋದು ನಿಮ್ಮ ದಂಡಿ, ನೀನ ಇಲ್ಲಿಗೆ ಬಂದುಬಿಡು ಎಂದರಂತೆ. ಊರ ಗೌಡ ಗಟ್ಟಿ ಆಳುಗಳನ್ನು ಕಳಿಸಿ ಎಳೆದು ತರಿಸಲು ನೋಡಿದ. ಗಡ್ಡೆಯವರು ಒಬ್ಬರಿಗೊಬ್ಬರು ತೋಳು ಹೆಣೆದುಕೊಂಡು ನೆಲಕ್ಕೆ ಮಲಗಿದರು. ಆಳುಗಳು ಬಾಯಿಗೆ ಬಂದಂತೆ ಬೈದು ಬರಿಗೈಲಿ ಮರಳಿದರು. ಸಾಯಲಿ ಬಿಡು ಎಂದು ಊರು ಕೈತೊಳೆದುಕೊಂಡಿತು.

ಹುಲಿಗೆವ್ವ ದಂಡೆಯಲ್ಲಿ ಕೂತು ಅತ್ತಳಂತೆ, ಅತ್ತು ಮುಗಿದ ಮೇಲೆ ಯೋಚಿಸಿದಳಂತೆ. ನಾವು ಅವರಿಗೆ ಜೋಳ ಕೊಟ್ಟೆವು, ಬುದ್ಧಿ ಕೊಟ್ಟೆವು, ಈಗ ಜೀವದಾನ ಕೊಡಲು ಹೊರಟಿದ್ದೇವೆ. ಕೊಡುವುದೇ ಆಯಿತು. ಬಾ, ನೀನಿಲ್ಲದೆ ನನಗೆ ಆಗದು ಎಂದು ನಾವು ಯಾವತ್ತು ಅವರನ್ನು ಕರೆದಿದ್ದೇವೆ? ಹೀಗೆಂದುಕೊಂಡು ಸೆರಗಿನ ಅಂಚು ಹರಿದಳು. ತನ್ನ ಬಲಗೈಯನ್ನು ಎದೆಗೆ ಮಡಚಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಿದಳು. ಎಡಗೈಯಲ್ಲಿ ಹುಟ್ಟು ಹಿಡಿದು ಆ ಹುಚ್ಚು ಹೊಳೆಗೆ ಹರಿಗೋಲು ಇಳಿಸಿದಳು.

ಒಂದೇ ಕೈಯಲ್ಲಿ ಆ ನೀರನ್ನು ದಾಟಿದಳಂತೆ. ಗಡ್ಡೆಗೆ ತಾಗುತ್ತಲೇ ಕೂಗು ಹಾಕಿದಳು:

"ಕೈ ಮುರೀತ್ರೋ ಯಪ್ಪಾ! ವಾಪಸ್ ಹೋಗಾಕ ನನ್ನ ಕೈಲಿ ಆಗವಲ್ದು, ಯಾರರ ಬಂದು ದಂಡಿ ಮುಟ್ಟಸ್ರೋ!"

ಎಲ್ಲರೂ ಅಜ್ಜನ ಮುಖ ನೋಡಿದರು. ನೆರವು ಕೇಳಿದವರಿಗೆ ಇಲ್ಲ ಎನ್ನಬಾರದು ಎಂದವನು ಅವನೇ. ಅಜ್ಜ ನೀರನ್ನು ನೋಡುತ್ತ ಕೂತ, ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಇಬ್ಬರು ಗಂಡಸರು ಎದ್ದರು. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಸಂಗವ್ವ ಬಂದಳು.

ಅಕ್ಕನ ತೋಳು ತಂಗಿಗೆ ಗೊತ್ತಿಲ್ಲವೇ? ಬಟ್ಟೆಯ ಮೇಲಿಂದ ಮುಟ್ಟಿ ನೋಡಿದಳು. ಬಾವಿಲ್ಲ, ನಡುಕವಿಲ್ಲ, ಗಟ್ಟಿ ಎಲುಬು. ಇವಳೊಂದು ಮಾತು ಆಡಿದರೆ ಎಲ್ಲ ಮುಗಿಯಿತು. ಸಂಗವ್ವ ಅಕ್ಕನ ಕಣ್ಣನ್ನೇ ನೋಡಿದಳಂತೆ. ಆಮೇಲೆ ಗುಂಪಿನ ಕಡೆ ತಿರುಗಿದಳು.

"ಎಲುಬು ಪೂರಾ ಮುರದೈತಿ. ಇಬ್ಬರಿಂದ ಸಾಗೂ ಕೆಲಸ ಅಲ್ಲ ಇದು. ಹುಟ್ಟು ಹಾಕಾಕ ನಾಕು ಮಂದಿ ಬರ್ರಿ, ನೀರು ಮೊಗಿಯಾಕ ಹೆಣ್ಮಕ್ಕಳು ಬರ್ರಿ. ತಳಕ್ಕ ಭಾರ ಇಲ್ಲಂದ್ರ ಹರಿಗೋಲು ಮಗಚತೈತಿ, ಕೂಸುಗಳನ್ನೆಲ್ಲ ತಂದು ಕೂಡಸ್ರಿ!"

ಕೂಸುಗಳನ್ನು ಭಾರಕ್ಕೆ ಇಟ್ಟಳು! ಗಡ್ಡೆಯ ಅಷ್ಟೂ ಮಕ್ಕಳನ್ನು ತಾನೇ ಎತ್ತೆತ್ತಿ ತಳದಲ್ಲಿ ಒತ್ತೊತ್ತಾಗಿ ಕೂರಿಸಿದಳಂತೆ. ಮೊದಲ ದಿನ ಕಂಕುಳಿಗೆ ಬಂದಿದ್ದ ಆ ಕೂಸನ್ನು, ಅದು ಆಗಲೇ ಬೆಳೆದ ಹುಡುಗಿ, ಕೊನೆಗೆ ಕೂರಿಸಿದಳಂತೆ. ಹರಿಗೋಲು ಅಂಚಿನವರೆಗೆ ತುಂಬಿತು. ನೀ ಬಾ ಎಂದು ಹುಲಿಗೆವ್ವ ಎಡಗೈ ಚಾಚಿದಳು. ಸಂಗವ್ವ ಹರಿಗೋಲಿನ ಹಗ್ಗ ಹಿಡಿದು ನೀರಿನಲ್ಲಿ ನಿಂತಿದ್ದಳು. ಹಾಗೆ ಒಬ್ಬರು ಹೊರಗೆ ನಿಂತು ಹಿಡಿದುಕೊಳ್ಳದಿದ್ದರೆ ಅದು ಹೊರಡುವ ಮೊದಲೇ ಸೆಳವಿಗೆ ಮಗುಚುತ್ತಿತ್ತು. ಇನ್ನೊಬ್ಬರಿಗೆ ಜಾಗವೂ ಇರಲಿಲ್ಲ. ಅವಳು ಅಕ್ಕನ ಕಿವಿಯ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ ನಕ್ಕು ಹೇಳಿದಳಂತೆ:

"ಆ ಕೈನೂ ಮುರ್ಕೊಂಡು ಇನ್ನೊಮ್ಮೆ ಬಾ, ಯಕ್ಕಾ."

ಹಗ್ಗ ಬಿಟ್ಟಳು.

ಹರಿಗೋಲು ದಂಡೆ ಮುಟ್ಟಿತು. ಹುಲಿಗೆವ್ವ ಎಲ್ಲರನ್ನೂ ಇಳಿಸಿ ಉಸಿರು ಕೂಡ ತಿರುಗಿಸಿಕೊಳ್ಳದೆ ಮತ್ತೆ ಹರಿಗೋಲನ್ನು ನೀರಿಗಿಳಿಸಿದಳು. ನಡುಹೊಳೆಗೆ ಹೋಗಿ ನೋಡಿದರೆ ಗಡ್ಡೆ ಇದ್ದಲ್ಲಿ ಒಂದು ಕರಿಜಾಲಿ ಮರದ ತುದಿ ಮಾತ್ರ ಅಲುಗುತ್ತಿತ್ತಂತೆ. ಅಜ್ಜ ಇಲ್ಲ, ಅವನನ್ನು ನಂಬಿದವರಿಲ್ಲ, ಸಂಗವ್ವನೂ ಇಲ್ಲ. ಆ ಜಾಲಿಯನ್ನು ಸುತ್ತಿ ಸುತ್ತಿ ತಂಗಿಯ ಹೆಸರು ಹಿಡಿದು ಕೂಗಿದಳಂತೆ. ಹೊಳೆಯ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಗಡ್ಡೆಯಿಂದ ಬದುಕಿ ಬಂದವರು ದಂಡೆಯಲ್ಲಿ ಕಲ್ಲಾಗಿ ಕೂತಿದ್ದರು. ನಮ್ಮವರನ್ನು ಬಿಟ್ಟು ಓಡಿಬಂದೆವು ಎಂದು ಒಬ್ಬ ಎದೆ ಬಡಿದುಕೊಂಡ. ಗೌಡ ಗಂಜಿ ತರಿಸಿದ, ಯಾರೂ ಮುಟ್ಟಲಿಲ್ಲ. ಹುಲಿಗೆವ್ವ ಅವನನ್ನು ಪಕ್ಕಕ್ಕೆ ಕರೆದು, ಗೌಡ್ರ, ಇವರಿಗೆ ಏನೂ ಕೊಡಬ್ಯಾಡ್ರಿ, ಇವರನ್ನ ಕೇಳ್ರಿ ಎಂದಳಂತೆ. ಆಮೇಲೆ ತಾನೇ ಅವರ ಮುಂದೆ ಹೋಗಿ ನಿಂತಳು. ನೀವು ಓಡಿಬಂದವರಲ್ಲ, ನನ್ನನ್ನು ದಂಡೆ ಮುಟ್ಟಿಸಿದವರು, ಈಗ ಕೈಯಿಲ್ಲದವಳಿಗೆ ರೊಟ್ಟಿ ಯಾರು ಬಡಿಯುತ್ತೀರಿ ಎಂದು ಕೇಳಿದಳು. ಒಬ್ಬಳು ಎದ್ದಳು. ಆಮೇಲೆ ಇನ್ನೊಬ್ಬಳು ಎದ್ದಳು.

ಹುಲಿಗೆವ್ವ ಆ ಬಟ್ಟೆಯನ್ನು ಸಾಯುವವರೆಗೂ ಬಿಚ್ಚಲಿಲ್ಲವಂತೆ. ಬಿಚ್ಚಿದರೆ ಆ ಮಕ್ಕಳಿಗೆ ತಿಳಿಯುತ್ತದಲ್ಲ! ಎತ್ತನ್ನು ಮಲಗಿಸಿದ ತೋಳು ಎದೆಯ ಮೇಲೆಯೇ ಒಣಗಿತು. ಅವಳನ್ನು ಮಣ್ಣು ಮಾಡುವ ದಿನ ಬಟ್ಟೆ ಬಿಚ್ಚಲು ಹೋದ ಹೆಂಗಸರನ್ನು, ಆಗ ಮುದುಕಿಯಾಗಿದ್ದ ಆ ಕೂಸೇ ತಡೆಯಿತಂತೆ. ಅಂದರೆ ಅವಳಿಗೆ ಗೊತ್ತಿತ್ತು ಎಂದು ನನ್ನಜ್ಜಿ ಹೇಳುತ್ತಿದ್ದಳು.

ಇವತ್ತಿಗೂ ನಮ್ಮೂರಲ್ಲಿ ಸಾವಾದ ಮನೆಗೆ ಸಮಾಧಾನ ಹೇಳಲು ಯಾರೂ ಹೋಗುವುದಿಲ್ಲ. ಮಣ್ಣು ಮುಗಿದ ಮರುದಿನ ಪಕ್ಕದ ಮನೆಯವರು ಬಲಗೈಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ನನ್ನ ಕೈಲಿ ಆಗವಲ್ದು, ಈಟು ಬಾ ಎನ್ನುತ್ತಾರೆ. ಒಳಗೆ ಮುಖ ಮುಚ್ಚಿ ಮಲಗಿದ್ದವರು ಎದ್ದು ಸೆರಗು ಸರಿಮಾಡಿಕೊಂಡು ಹೊರಡುತ್ತಾರೆ. ಕೈಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ.