ಉತ್ತರಾಣಿ ಸೀರೆಯಂಚು ಹಿಡಿಯುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಗಿಡಗಳಿಗೆ ಮಾತು ಬರುತ್ತಿತ್ತು, ಹೆಸರು ಮಾತ್ರ ಇರಲಿಲ್ಲ.

ಆಗ ದ್ಯಾವಕ್ಕ ಎಂಬ ಬುಟ್ಟಿ ಹೆಣೆಯುವ ಹೆಂಗಸಿದ್ದಳು. ಅವಳಿಗೆ ಗಿಡಗಳ ಹುಚ್ಚು. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ಕೈಕೆಲಸ ಮುಗಿಯಿತೋ, ಗುಡ್ಡಕ್ಕೆ ಹೊರಟಳು. ಪ್ರತಿ ಗಿಡದಿಂದಲೂ ಹೂವಿರುವ ಒಂದು ಕಡ್ಡಿ ಕೇಳಿ ಪಡೆಯುವಳು, ಮುತ್ತುಗದ ಎಲೆಗಳ ನಡುವೆ ಇಟ್ಟು ಬೀಸುವ ಕಲ್ಲಿನ ಕೆಳಗೆ ಒಣಗಿಸುವಳು, ಆ ಗಿಡಕ್ಕೊಂದು ಹೆಸರು ಕೊಡುವಳು. ತುಂಬೆಯನ್ನು ತುಂಬೆ ಎಂದವಳು ಅವಳೇ, ಎಕ್ಕವನ್ನು ಎಕ್ಕ ಎಂದವಳೂ ಅವಳೇ. ಅವಳದು ಒಂದೇ ಹಟ: ಹೂ ನೋಡದೆ ಹೆಸರಿಡುವುದಿಲ್ಲ.

ಹಟವೇನೋ ಒಳ್ಳೆಯದೇ. ಆದರೂ ಅದರಿಂದ ಒಂದು ಪಾಪದ ಗಿಡ ಅತ್ತಿತು.

ಬೇಲಿಯ ಬುಡದಲ್ಲಿತ್ತು ಆ ಗಿಡ. ಉದ್ದನೆಯ ಕಡ್ಡಿ, ಕಡ್ಡಿಯ ತುಂಬ ಎಳ್ಳಿನಷ್ಟು ಹಸಿರು ಹೂ. ಹಸಿರೆಲೆಯ ನಡುವೆ ಹಸಿರು ಹೂ ಯಾರ ಕಣ್ಣಿಗೆ ಬೀಳಬೇಕು, ನೀನೇ ಹೇಳು.

ದ್ಯಾವಕ್ಕ ಬಗ್ಗಿ ನೋಡಿದಳು. "ನೀನಿನ್ನೂ ಹೂ ಬಿಟ್ಟಿಲ್ಲವಲ್ಲೇ. ಬಿಟ್ಟ ಮೇಲೆ ಬರ್ತೀನಿ" ಎಂದು ಮುಂದೆ ಹೋದಳು.

"ಬಿಟ್ಟಿದ್ದೀನಿ ಅನ್ನೋಕೇನು ನಿನಗೆ?" ಎಂದು ಗಾಳಿ ಬೈಯಿತು.

"ಪಕ್ಕದಲ್ಲಿ ತಂಗಡಿ ಬಂಗಾರದ ಹಾಗೆ ಅರಳಿ ನಿಂತಿದೆ. ಇದನ್ನ ಹೂ ಅಂದ್ರೆ ನಗ್ತಾರೆ" ಎಂದಿತು ಗಿಡ.

ಮರುವರ್ಷವೂ ದ್ಯಾವಕ್ಕ ಬಂದಳು. "ಇನ್ನೂ ಬಿಟ್ಟಿಲ್ವೇನೇ?" ಎಂದಳು. ಗಿಡ ಸುಮ್ಮನಿತ್ತು. ಅದರ ಮರುವರ್ಷವೂ ಬಂದಳು. ಗಿಡ ಸುಮ್ಮನೇ ಇತ್ತು.

ದ್ಯಾವಕ್ಕನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು. ಒಂದು ದಿನ ಬೇಲಿ ತಡವುತ್ತ ಬಂದವಳ ಕೈಗೆ ಆ ಕಡ್ಡಿ ಸಿಕ್ಕಿತು. ಬಿದಿರಿನ ಸಿಬಿರನ್ನೂ ಗುರುತಿಸುವ ಬೆರಳುಗಳು ಅವಳವು. ಮೆಲ್ಲಗೆ ಸವರಿದಳು. ಒಂದು, ಎರಡು, ಐದು ಎಸಳು.

"ವರ್ಷಾ ವರ್ಷಾ ಬಿಟ್ಟಿದ್ದೀಯಲ್ಲೇ ತಾಯಿ. ಕಣ್ಣಿದ್ದಾಗಲೂ ನಾನು ಕುರುಡಿಯೇ" ಎಂದು ಅತ್ತಳು. "ನಿನಗೆ ಅವಸರದ ಹೆಸರು ಬೇಡ. ನಾಳೆ ಎಲೆ ತರ್ತೀನಿ, ಒಳ್ಳೇ ಹೆಸರೂ ತರ್ತೀನಿ."

ಗಿಡಕ್ಕೆ ನಾಳೆಯವರೆಗೆ ತಡೆಯಲಾಗಲಿಲ್ಲ. ಅವಳು ಹೊರಟಾಗ ತನ್ನ ಬಲಿತ ಕಾಯಿಗಳಿಂದ ಸೀರೆಯಂಚು ಹಿಡಿದುಕೊಂಡಿತು. ನಾಲ್ಕು ಕಾಯಿ ಅವಳ ಜೊತೆಗೇ ಹೋದವು.

ಅಂದು ಮಲಗಿದ ದ್ಯಾವಕ್ಕ ಮತ್ತೆ ಏಳಲಿಲ್ಲ. ಸೀರೆ ಒಗೆಯುವಾಗ ಅವಳ ಸೊಸೆ, ಏನೋ ಕಸವೆಂದು ಕಾಯಿಗಳನ್ನು ಬಿಡಿಸಿ ಹಿತ್ತಿಲಿಗೆ ಎಸೆದಳು.

ಗಾಳಿ ಎಲ್ಲವನ್ನೂ ನೋಡಿ ಬೇಲಿಗೆ ಬಂತು.

"ಅಕ್ಕ ಮನೆಯಿಂದ ಹೊರಟಳಾ?" ಎಂದು ಗಿಡ ಕೇಳಿತು.

ಗಾಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಬರ್ತಾಳೆ" ಎಂದು ಹೊರಟುಹೋಯಿತು. ಗಾಳಿ ಮಾಡಿದ್ದು ತಪ್ಪೇ. ಆದರೆ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ಆಮೇಲೆ ಯಾರೋ ಅದನ್ನು ಉತ್ತರಾಣಿ ಎಂದು ಕರೆದರು. ಆ ಹೆಸರು ತನ್ನದೆಂದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ಮಗಾ, ಇವತ್ತಿಗೂ ಬೇಲಿಯ ಪಕ್ಕ ಯಾರೇ ಹಾದುಹೋಗಲಿ, ಸೀರೆಯಾಗಲಿ, ನಿನ್ನ ಲಂಗವಾಗಲಿ, ದ್ಯಾವಕ್ಕ ಬಂದಳೆಂದುಕೊಂಡು ಉತ್ತರಾಣಿ ಅಂಚು ಹಿಡಿದುಕೊಳ್ಳುತ್ತದೆ.