ಕಡಲಿನ ಪಾಲಿನ ಬುಟ್ಟಿ

"ಕೇಳ್ರಪ್ಪೋ ಕೇಳಿ! ಬಿಳಿಕೋಟೆಯ ಸೋಮಭೂಪ ಮಹಾರಾಜರ ಅಪ್ಪಣೆ! ರಾಜಕುಮಾರಿ ಚಿನ್ನಾಂಬೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅವರ ಕೈ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಸೆರೆ, ಹುಣ್ಣಿಮೆಯ ಬೆಳಿಗ್ಗೆ ತಲೆದಂಡ. ಅಷ್ಟರೊಳಗೆ ಯಾರಾದರೂ ಬಿಡಿಸಿದರೆ ಸೆರೆಯಲ್ಲಿದ್ದವರಿಗೆಲ್ಲ ಬಿಡುಗಡೆ!"

ಡಂಗುರದವನು ಕಡಲ ದಂಡೆಗೂ ಬಂದ, ಮೂರೂ ಒಗಟುಗಳನ್ನು ಕೂಗಿ ಹೇಳಿದ. ಅಲ್ಲಿ ದುಗ್ಗ ಅಂತ ಒಬ್ಬ ಸುಣ್ಣ ಸುಡುವವನಿದ್ದ. ದಂಡೆಯಲ್ಲಿ ಚಿಪ್ಪು ಆಯ್ದು, ಗೂಡಿನಲ್ಲಿ ಸುಟ್ಟು, ಕೋಟೆಗೆ ಬಳಿಯಲು ಸುಣ್ಣ ಹೊರುವುದೇ ಅವನ ಬದುಕು. ಒಗಟು ಕೇಳುತ್ತಿದ್ದಂತೆ ಅವನಿಗೆ ಮೂರಕ್ಕೂ ಉತ್ತರ ಹೊಳೆಯಿತು. ಹೊಳೆದದ್ದೇ ತಡ, ಮುಖ ಮುಚ್ಚಿಕೊಂಡು ಗೂಡಿನ ಹಿಂದೆ ಹೋಗಿ ಕೂತುಬಿಟ್ಟ. ಎಂಥಾ ಗಂಡಸಪ್ಪ ಅಂತ ನೀವು ಅನ್ನಬಹುದು. ಸ್ವಲ್ಪ ತಾಳಿ.

ಅರಮನೆಗೆ ಮೊದಲು ಘಟ್ಟದ ಮೇಲಿನ ಒಬ್ಬ ಪಾಳೆಯಗಾರ ಮೀಸೆ ತಿರುವುತ್ತಾ ಬಂದ. ಚಿನ್ನಾಂಬೆ ಕೇಳಿದಳು: "ರಾಜನೂ ಭಿಕ್ಷುಕನೂ ಹಗಲಿರುಳು ಬಿಸಾಡುವ ಒಂದು ಎಂಜಲಿದೆ. ಒಲೆಯೂ ಅದನ್ನೇ ಬಿಸಾಡುತ್ತದೆ. ಕಣ್ಣಿಗೆ ಕಾಣದು, ಕೈಗೆ ಸಿಗದು. ಅದೇನು? ಅದನ್ನು ಬಾಚಿ ನುಂಗುವವಳು ಯಾರು?"

"ಬೈಗುಳ! ನುಂಗುವವಳು ಹೆಂಡತಿ!" ಎಂದ ಪಾಳೆಯಗಾರ. ಸಭೆ ಗೊಳ್ಳೆಂದು ನಕ್ಕಿತು. ಅವನನ್ನು ಸೆರೆಗೆ ಎಳೆದೊಯ್ಯುವಾಗ ಮಾತ್ರ ಯಾರೂ ನಗಲಿಲ್ಲ. ಮರುದಿನ ಬಂದ ಪಂಡಿತ "ಪಾಪ, ಮೃತ್ಯುದೇವತೆ" ಎಂದ. ಅದರ ಮಾರನೆಯ ದಿನ ಬಂದ ವರ್ತಕನ ಮಗ ಬಾಯಿ ತೆರೆಯುವ ಮೊದಲೇ ಅತ್ತ. ಮೂವರೂ ಸೆರೆ ಸೇರಿದರು.

ಸುದ್ದಿ ದುಗ್ಗನಿಗೆ ತಲುಪುತ್ತಲೇ ಇತ್ತು. ವರ್ತಕನ ಮಗನಿಗೆ ಇನ್ನೂ ಹತ್ತೊಂಬತ್ತಂತೆ ಎಂದು ಕೇಳಿದ ದಿನ ಉಣ್ಣುತ್ತಿದ್ದ ತಟ್ಟೆ ತಳ್ಳಿ ಎದ್ದ. 'ಥೂ ನನ್ನ ಜನ್ಮಕ್ಕೆ. ನನ್ನ ಮಾನ ಮುಚ್ಚಿಕೊಳ್ಳಲು ಮೂರು ತಲೆ ಉರುಳಬೇಕೇ?' ಎಂದುಕೊಂಡು, ಹುಣ್ಣಿಮೆಗೆ ಎರಡು ದಿನ ಇರುವಾಗ, ಸುಣ್ಣ ಮೆತ್ತಿದ ಪಂಚೆಯಲ್ಲೇ ಸಭೆಗೆ ಬಂದು ನಿಂತ.

"ಒಂದು ಬಟ್ಟಲು ಸುಣ್ಣದ ತಿಳಿನೀರು ಕೊಡಿಸಿ, ಒಂದು ಬಿದಿರ ಕೊಳವೆ" ಎಂದ. ತಂದುಕೊಟ್ಟರು. ಕೊಳವೆಯಿಂದ ನೀರಿಗೆ ಉಸಿರು ಊದಿದ. ಕನ್ನಡಿಯಂತಿದ್ದ ನೀರು ನೋಡುನೋಡುತ್ತಲೇ ಹಾಲಿನ ಬಣ್ಣಕ್ಕೆ ತಿರುಗಿತು.

"ನಮ್ಮ ಕಸುಬಿನವರಿಗೆಲ್ಲ ಗೊತ್ತು ಅಮ್ಮಾವ್ರೆ. ನಾವು ಬಿಡುವ ಉಸಿರಲ್ಲಿ, ಒಲೆಯ ಹೊಗೆಯಲ್ಲಿ ಕಾಣದ ಒಂದು ಗಾಳಿ ಇದೆ. ನೀರು ಅದನ್ನು ನುಂಗುತ್ತದೆ. ಎಂಜಲು ಆ ಗಾಳಿ, ನುಂಗುವವಳು ಕಡಲು. ತಣ್ಣಗಿದ್ದರೆ ಹೆಚ್ಚು ನುಂಗುತ್ತಾಳೆ. ಮೈ ಬಿಸಿಯಾದರೆ, ಜ್ವರ ಬಂದವರ ಹಾಗೆ, ಕಡಿಮೆ."

ಚಿನ್ನಾಂಬೆ ಎದ್ದು ನಿಂತಳು. "ಎರಡನೆಯದು. ಅವಳು ಉಂಡ ಎಂಜಲು ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಆ ಹುಳಿ ಯಾರ ಮನೆಯ ಗೋಡೆಯನ್ನು ತಿನ್ನುತ್ತದೆ?"

"ಚಿಪ್ಪಿನ ಹುಳುವಿನ ಮನೆಯನ್ನು. ನಿಂಬೆರಸದಲ್ಲಿ ಚಿಪ್ಪು ಹಾಕಿ ನೋಡಿ, ನೊರೆ ಎದ್ದು ಸವೆಯುತ್ತದೆ. ನನ್ನಜ್ಜ ಚಿಪ್ಪು ಒಡೆಯಲು ಕಲ್ಲು ಎತ್ತುತ್ತಿದ್ದ. ನಾನು ಆಯ್ದದ್ದು ಬೆರಳಲ್ಲೇ ಹಪ್ಪಳದಂತೆ ಮುರಿಯುತ್ತದೆ."

"ಮೂರನೆಯದು. ಉಣಬಡಿಸಿದ ತಾಯಿಯ ತಟ್ಟೆಯಿಂದ ಅವಳ ತುತ್ತನ್ನೇ ಕದ್ದವನು ಯಾರು?"

ದುಗ್ಗ ತಲೆ ತಗ್ಗಿಸಿದ. ತಳವಾರ ಕತ್ತಿಯ ಹಿಡಿಗೆ ಕೈ ಹಾಕಿದ.

"ನಾನು" ಎಂದ ದುಗ್ಗ. "ಗೂಡು ತೆರೆದಾಗ ಮೊದಲ ಬುಟ್ಟಿ ಸುಣ್ಣ ಕಡಲಿಗೆ ಸುರಿಯಬೇಕು, ಅವಳ ಹೊಟ್ಟೆಯ ಹುಳಿ ಇಳಿಯಲಿ ಅಂತ. ಅದು ನಮ್ಮ ಹಿರಿಯರ ಕಟ್ಟಳೆ. ಏಳು ವರ್ಷದಿಂದ ಆ ಬುಟ್ಟಿಯನ್ನೂ ಕೋಟೆಗೇ ಹೊರುತ್ತಿದ್ದೇನೆ. ಗೂಡು ಒಂದಿದ್ದದ್ದು ನೂರಾಯಿತು, ಹೊಗೆ ನೂರ್ಮಡಿಯಾಯಿತು, ಅವಳ ಪಾಲು ಮಾತ್ರ ನಿಂತಿತು. ಗೊತ್ತಿದ್ದೂ ಮಾಡಿದೆ. ಹೇಳಲು ನಾಚಿಕೆಯಾಗಿ ಇಷ್ಟು ದಿನ ಅವಿತು ಕೂತೆ."

"ಮೊದಲ ಬುಟ್ಟಿಯೂ ಕೋಟೆಗೇ ಬರಲಿ ಎಂದು ಅಪ್ಪಣೆ ಕೊಟ್ಟವರು ಯಾರು? ಅದನ್ನೂ ಹೇಳು" ಎಂದಳು ಚಿನ್ನಾಂಬೆ.

ಹೇಳಿದರೆ ರಾಜದ್ರೋಹ, ಹೇಳದಿದ್ದರೆ ಒಗಟು ಅರ್ಧ.

"ಅಪ್ಪಣೆ ಯಾರದ್ದಾದರೇನು ಅಮ್ಮಾವ್ರೆ? ಬುಟ್ಟಿ ಎತ್ತಿದ ಕೈ ನಂದು. ತಲೆ ಬೇಕಾದರೆ ನನ್ನದು ತಗೊಳ್ಳಿ, ಆ ಮೂವರನ್ನು ಬಿಡಿ."

ಆಗ ಸೋಮಭೂಪ ಸಿಂಹಾಸನದಿಂದ ಇಳಿದ. ಹೊಳೆಯುವ ಬಿಳಿ ಗೋಡೆಗಳನ್ನು ಒಮ್ಮೆ ನೋಡಿದ, ಮತ್ತೆ ನೋಡಲಾಗಲಿಲ್ಲ. "ಆ ಅಪ್ಪಣೆ ನನ್ನದು. ನನ್ನ ತಪ್ಪನ್ನು ಈ ಬಡವ ಹೊತ್ತು ನಿಂತಿದ್ದಾನೆ. ನನಗೆ ಮುಖ ಎತ್ತಲು ಆಗುತ್ತಿಲ್ಲ ಮಗಳೇ" ಎಂದ.

"ಮೂರು ವರ್ಷದಿಂದ ಹೇಳುತ್ತಲೇ ಬಂದೆ, ನೀವು ಕೇಳಲಿಲ್ಲ" ಎಂದಳು ಚಿನ್ನಾಂಬೆ. "ಬೇರೆಯವರ ಬಾಯಿಂದಾದರೂ ನಿಮಗೆ ಕೇಳಲಿ ಅಂತ ಒಗಟು ಹೂಡಿದೆ. ಅದಕ್ಕಾಗಿ ಜನರ ತಲೆ ಪಣಕ್ಕಿಟ್ಟೆನಲ್ಲ, ನನ್ನದೇನು ಕಡಿಮೆ ತಪ್ಪೇ?" ಅವಳ ಕಣ್ಣಲ್ಲಿ ನೀರು ಬಂತು. ಸೆರೆಯ ಬಾಗಿಲನ್ನು ಅವಳೇ ಹೋಗಿ ತೆಗೆದಳು.

ಅರ್ಧ ರಾಜ್ಯ ಕೊಡಲು ಬಂದರೆ ದುಗ್ಗ ಬೇಡವೆಂದ. "ತೊಂಬತ್ತೊಂಬತ್ತು ಗೂಡಿನ ಬೆಂಕಿ ಆರಿಸಿ. ಸುಡುವವರಿಗೆ ಉಳಲು ನೆಲ ಕೊಡಿ. ಉಳಿದ ಒಂದರ ಮೊದಲ ಬುಟ್ಟಿ ಕಡಲಿಗೆ." ರಾಜ ಒಪ್ಪಿದ.

ಮರುದಿನ ಸೋಮಭೂಪ ತಾನೇ ಬುಟ್ಟಿ ಹೊತ್ತು ಬರಿಗಾಲಲ್ಲಿ ದಂಡೆಗೆ ನಡೆದ. ಊರೆಲ್ಲ ಹಿಂದೆ ಬಂತು. ನೀರಿನ ಅಂಚಿನಲ್ಲಿ ನಿಂತು ಕೇಳಿದ: "ಏನು ಹೇಳಿ ಸುರಿಯಬೇಕಪ್ಪಾ?"

"ನನ್ನಜ್ಜ 'ತಗೋ ತಾಯಿ, ನಿನ್ನ ಪಾಲು' ಅನ್ನುತ್ತಿದ್ದ" ಎಂದ ದುಗ್ಗ. "ನಮಗೆ ಆ ಮಾತಾಡುವ ಮುಖ ಇಲ್ಲ. ಸುಮ್ಮನೆ ಸುರಿಯಿರಿ."

ರಾಜ ಸುಮ್ಮನೆ ಸುರಿದ. ದುಗ್ಗನಿಗೂ ಚಿನ್ನಾಂಬೆಗೂ ಅದೇ ದಂಡೆಯಲ್ಲಿ ಮದುವೆಯಾಯಿತು, ವಾದ್ಯವಿಲ್ಲದೆ. ಸುಣ್ಣ ಕಾಣದ ಕೋಟೆ ಪಾಚಿ ಹಿಡಿದು ಕಪ್ಪಾಯಿತು, ಹೆಸರು ಮಾತ್ರ ಬಿಳಿಕೋಟೆ ಎಂದೇ ಉಳಿಯಿತು. ಇವತ್ತಿಗೂ ಅಲ್ಲಿಯವರು ವರ್ಷಕ್ಕೊಮ್ಮೆ ಮೊದಲ ಬುಟ್ಟಿ ಹೊತ್ತು ಕಡಲಿಗೆ ಹೋಗುತ್ತಾರೆ, ಯಾರೂ ಒಂದು ಮಾತೂ ಆಡದೆ ಸುರಿದು ಬರುತ್ತಾರೆ.