ಜವುಗು ಮೂಲೆಯ ನೋಟಿಸು

ಒಂದು ಕಾಡಿನಲ್ಲಿ ಒಂದು ಹಳ್ಳವಿತ್ತು. ಮಳೆಗಾಲದಲ್ಲಿ ಅಲ್ಲಿ ನೀರು ಇರುತ್ತಿತ್ತು, ಬೇಸಿಗೆಯಲ್ಲಿ ಜಗಳ ಇರುತ್ತಿತ್ತು. ಯಾರು ಮೊದಲು ಕುಡಿಯಬೇಕು, ಎಷ್ಟು ಕುಡಿಯಬೇಕು ಎಂಬುದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಕೊಂಬಿದ್ದವರು ಮೊದಲು ಕುಡಿಯುತ್ತಿದ್ದರು. ಕೊಂಬಿಲ್ಲದವರು ಅದನ್ನು ಸಂಪ್ರದಾಯ ಎಂದು ಕರೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹಿರಿಯಾನೆ ಭದ್ರಮ್ಮನಿಗೆ ಈ ಗಲಾಟೆ ಸಾಕಾಯಿತು. ಅವಳು ದೊಡ್ಡ ಮತ್ತಿಮರದ ಕೆಳಗೆ ನ್ಯಾಯಾಲಯ ತೆರೆದಳು. ಹಳ್ಳದ ನೀರಿನಲ್ಲಿ ತಮಗೆ ಹಕ್ಕಿದೆ ಎನ್ನುವವರು ಬಂದು ಎಂದಿನಿಂದ ಕುಡಿಯುತ್ತಿದ್ದೇವೆ, ಎಲ್ಲಿ ಕುಡಿಯುತ್ತಿದ್ದೇವೆ, ಎಷ್ಟು ಬೇಕು ಎಂದು ಹೇಳಬೇಕು. ಬಳಕೆ ಹಳೆಯದಾದಷ್ಟೂ ಸರದಿ ಮುಂದೆ. ಒಬ್ಬರ ಹೇಳಿಕೆಯ ಮೇಲೆ ಇನ್ನೊಬ್ಬರಿಗೆ ತಕರಾರಿದ್ದರೆ ಎಲ್ಲರ ಮುಂದೆ ಹೇಳಬೇಕು. ಅದೆಲ್ಲ ಮುಗಿದ ಮೇಲೆ ತೀರ್ಪು. ನೋಟಿಸು ಮುಟ್ಟಿದ ಮೇಲೂ ಹುಣ್ಣಿಮೆಯೊಳಗೆ ಬಾರದವರಿಗೆ ಹಕ್ಕಿಲ್ಲ.

ನೋಟಿಸು ಮುಟ್ಟಿಸುವ ಅಮೀನನ ಕೆಲಸ ಮುಳ್ಳುಹಂದಿ ಮೊನಚಯ್ಯನಿಗೆ ಸಿಕ್ಕಿತು. ಆ ಕೆಲಸದ ಸಾಮಗ್ರಿ ಅವನ ಬೆನ್ನ ಮೇಲೇ ಇತ್ತು. ಬಾಗಿಲ ಮುಂದೆ ಒಂದು ಮುಳ್ಳು ನೆಟ್ಟು, ವಿಷಯವನ್ನು ಬಾಯಲ್ಲಿ ಹೇಳಿದರೆ ನೋಟಿಸು ಜಾರಿಯಾದಂತೆ. ಯಾರೂ ಹೊರಗೆ ಬಾರದಿದ್ದರೆ ಮುಳ್ಳು ನೆಟ್ಟರಷ್ಟೇ ಸಾಕು. ಮೊನಚಯ್ಯ ಮೊಲದ ಪೊದೆಗೆ ಹೋದ, ನವಿಲಿನ ಬಿದಿರುಮೆಳೆಗೆ ಹೋದ. ಕಾಡುಕೋಣಕ್ಕೆ ಮಾತ್ರ ಸ್ವಲ್ಪ ದೂರದಿಂದಲೇ ಜಾರಿ ಮಾಡಿದ.

ಯಾರಿದ್ದರೂ ಇಲ್ಲದಿದ್ದರೂ ಹಳ್ಳದ ಪ್ರತಿ ಮೂಲೆಯಲ್ಲೂ ನೋಟಿಸು ಜಾರಿಯಾಗಬೇಕಿತ್ತು. ಕೊನೆಗೆ ಉಳಿದದ್ದು ಜವುಗು ಮೂಲೆ. ಹಳ್ಳ ತಿರುಗುವಲ್ಲಿ ಆ ತಗ್ಗಿತ್ತು. ಬೇಸಿಗೆಯಲ್ಲಿ ಅದರ ಮೇಲ್ಗಡೆ ಕೆಸರು ಒಣಗಿ ಬಿರುಕು ಬಿಡುತ್ತಿತ್ತು. ಕೆಳಗಿನ ತಂಪು ಮಣ್ಣಿನಲ್ಲಿ ಕಪ್ಪೆಗಳು ಮಳೆ ಬರುವವರೆಗೆ ಮಲಗಿರುತ್ತಿದ್ದವು. ಇದು ಉಳಿದ ಪ್ರಾಣಿಗಳಿಗೆ ಗೊತ್ತಿರಲಿಲ್ಲ. ಕಪ್ಪೆಗಳು ಮಳೆಯ ಜೊತೆ ಆಕಾಶದಿಂದ ಬೀಳುತ್ತವೆ ಎಂದು ಅವು ನಂಬಿದ್ದವು. ಈ ಬಗ್ಗೆ ಯಾರೂ ವಿಚಾರಣೆ ನಡೆಸಿರಲಿಲ್ಲ. ಮೊನಚಯ್ಯನ ಬಿಲ ಮಾತ್ರ ಮೂಲೆಗೆ ಅಂಟಿಕೊಂಡೇ ಇತ್ತು. ಅವನಿಗೆ ಗೋಡೆಯಾಚೆಯ ಉಸಿರು ಕೇಳಿಸುತ್ತಿತ್ತು. ಅಲ್ಲಿ ಒಂದು ಮೊಳ ಕೆದಕಿದರೆ ನೀರು ಬರುತ್ತದೆ ಎಂಬುದೂ ಗೊತ್ತಿತ್ತು. ಪಕ್ಕದ ಮನೆಯವರ ಸೂರು ಕೆದಕಬಾರದು ಎಂದು ಅವನ ಅಪ್ಪ ಹೇಳಿದ್ದ. ಅವನು ಕೆದಕಿರಲಿಲ್ಲ.

ಆದರೆ ಹಿಂದಿನ ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಅವನ ಹೆಂಡತಿ ಎರಡು ಮರಿಗಳನ್ನು ಕಟ್ಟಿಕೊಂಡು ಎರಡು ಗುಡ್ಡ ದಾಟಿ ನೀರಿಗೆ ಹೋಗಿದ್ದಳು. ತಿರುಗಿ ಬಂದಾಗ ಚಿಕ್ಕ ಮರಿಗೆ ನಿಲ್ಲುವ ಶಕ್ತಿಯೂ ಇರಲಿಲ್ಲ. ಮೂಲೆಯನ್ನು ಕೆದಕುವ ಹಕ್ಕು ನ್ಯಾಯಾಲಯದಿಂದಲೇ ಸಿಕ್ಕಿದರೆ ಆ ನಡಿಗೆ ತಪ್ಪುತ್ತದೆ. ಕಪ್ಪೆಗಳು ಬಂದು ತಮ್ಮ ಹಕ್ಕು ಹೇಳಿಕೊಂಡರೆ ಅದು ಅವನಿಗೆ ಸಿಗುವುದಿಲ್ಲ.

ಮೊನಚಯ್ಯ ಒಣಗಿದ ಕೆಸರಿನ ನಡುವೆ ನೀಟಾಗಿ ಒಂದು ಮುಳ್ಳು ನೆಟ್ಟ. ವಿಷಯವನ್ನೂ ಹೇಳಿದ. ಮಲಗಿದವರಿಗೆ ತೊಂದರೆಯಾಗದಷ್ಟು ಮೆಲ್ಲಗೆ ಹೇಳಿದ. ತಾನೆಷ್ಟು ಸೌಜನ್ಯದವನು ಎಂದು ಅವನಿಗೇ ಅನ್ನಿಸಿತು.

ಬಿಲಕ್ಕೆ ಬಂದಾಗ ಹೆಂಡತಿ ಕೇಳಿದಳು, "ಅವರಿಗೆ ಕೇಳಿಸಿತೇನ್ರೀ?"

"ಮುಳ್ಳು ನೆಟ್ಟು ಬಂದಿದೀನಿ."

"ನಾ ಕೇಳಿದ್ದು ಅದಲ್ಲ," ಎಂದು ಅವಳು ಮರಿಗಳ ಕಡೆ ತಿರುಗಿದಳು.

ಮರುದಿನ ಅವನು ವರದಿ ಒಪ್ಪಿಸಿದ. ಜವುಗು ಮೂಲೆಯಲ್ಲಿ ಯಾರೂ ಹೊರಗೆ ಬರಲಿಲ್ಲ, ಮುಳ್ಳು ನೆಟ್ಟು ಜಾರಿ ಮಾಡಿದ್ದೇನೆ ಎಂದ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಒಳ್ಳೆಯ ಮೋಸಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ.

ಹುಣ್ಣಿಮೆಯ ದಿನ ಬೆಳಿಗ್ಗೆ ಎಲ್ಲರೂ ಮರದ ಕೆಳಗೆ ಸೇರಿದರು. ಒಬ್ಬೊಬ್ಬರೇ ಹೇಳಿಕೆ ಕೊಟ್ಟರು. ಮೊಲ ತನ್ನದು ನೂರು ತಲೆಮಾರು ಎಂದಿತು. ಮೊಲದ ತಲೆಮಾರು ಎಂದರೆ ಎಷ್ಟು ದಿನ ಎಂದು ನವಿಲು ತಕರಾರು ತೆಗೆಯಿತು. ಮೊನಚಯ್ಯನ ಸರದಿ ಬಂದಾಗ ಅವನು ಮುತ್ತಜ್ಜನ ಕಾಲದಿಂದ ಮಳೆಗಾಲದಲ್ಲಿ ಜವುಗು ಮೂಲೆಯ ನೀರು ಕುಡಿಯುತ್ತಿದ್ದೇವೆ, ಬೇಸಿಗೆಯಲ್ಲೂ ಅಲ್ಲಿ ಕೆದಕುವ ಹಕ್ಕು ಬೇಕು ಎಂದು ಕೇಳಿಕೊಂಡ. ಯಾರೂ ತಕರಾರು ಮಾಡಲಿಲ್ಲ. ಒಣ ಕೆಸರು ಯಾರಿಗೆ ಬೇಕು?

ಭದ್ರಮ್ಮ ದಾಖಲೆಗೆಂದು ಒಂದು ಪ್ರಶ್ನೆ ಕೇಳಿದಳು. ಬೇಸಿಗೆಯಲ್ಲೂ ಅಲ್ಲಿ ನೀರಿದೆ ಎಂದು ನಿಮ್ಮ ಮುತ್ತಜ್ಜನಿಗೆ ಹೇಗೆ ತಿಳಿಯಿತು?

ಮೊನಚಯ್ಯನಿಗೆ ಉತ್ಸಾಹ ಬಂತು. ಮುತ್ತಜ್ಜನ ಜಾಣತನ ಅವರ ಮನೆಯಲ್ಲಿ ಹಬ್ಬಕ್ಕೊಮ್ಮೆ ಹೇಳುವ ಕಥೆ. ಮುತ್ತಜ್ಜ ಬೇರೆ ಕಾಡಿನಿಂದ ಬಂದವನು. ಮಳೆಗಾಲದ ಕೊನೆಯಲ್ಲಿ ಆ ಮೂಲೆಯಲ್ಲಿ ಕಪ್ಪೆಗಳ ಗುಂಪೇ ವಟಗುಟ್ಟುವುದನ್ನು ಕೇಳಿದ. ಬಿಸಿಲು ಬಂದಾಗ ಅವು ಎಲ್ಲಿ ಹೋಗುತ್ತವೆ ಎಂದು ಕಾದು ನೋಡಿದ. ಅವು ಅಲ್ಲೇ ನೆಲದೊಳಕ್ಕೆ ಇಳಿದವು. ಕಪ್ಪೆ ಇಳಿದಲ್ಲಿ ನೀರಿರಲೇಬೇಕು ಎಂದು ಲೆಕ್ಕ ಹಾಕಿ, ಪಕ್ಕದಲ್ಲೇ ಬಿಲ ತೋಡಿದ.

ಸಭೆ ಒಂದು ಕ್ಷಣ ತಲೆದೂಗಿತು. ಆಮೇಲೆ ತಲೆದೂಗುವುದು ನಿಂತಿತು.

"ಅಂದರೆ ಕಪ್ಪೆಗಳು ನಿಮ್ಮ ಮುತ್ತಜ್ಜನಿಗಿಂತ ಮೊದಲೇ ಅಲ್ಲಿದ್ದವು," ಎಂದಳು ಭದ್ರಮ್ಮ.

"ಹೌದು, ಅಮ್ಮನವರೇ."

"ನೋಟಿಸನ್ನು ಎಲ್ಲಿ ನೆಟ್ಟಿರಿ?"

"ನೆಲದ ಮೇಲೆ."

"ಅವರು ಎಲ್ಲಿದ್ದರು?"

ಮೊನಚಯ್ಯ ತನ್ನ ಮುಂಗಾಲನ್ನು ನೋಡಿಕೊಂಡ. "ನೆಲದ ಕೆಳಗೆ."

"ನಿಮಗೆ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಹೆಂಡತಿ ಹಿಂದಿನ ಸಾಲಿನಲ್ಲಿದ್ದಳು. ಅವನಿಗೆ ಹಿಂತಿರುಗಿ ನೋಡಲು ಧೈರ್ಯವಾಗಲಿಲ್ಲ.

ಮಳೆ ಬೀಳುವವರೆಗೆ ತೀರ್ಪು ಇಲ್ಲ, ಅಲ್ಲಿಯವರೆಗೆ ಜವುಗು ಮೂಲೆಯನ್ನು ಯಾರೂ ಮುಟ್ಟಬಾರದು ಎಂದು ಭದ್ರಮ್ಮ ಆದೇಶ ಮಾಡಿದಳು. ಮೊನಚಯ್ಯ ತನ್ನನ್ನು ಕೆಲಸದಿಂದ ತೆಗೆಯುತ್ತಾಳೆ ಎಂದು ಕಾದ. ತೆಗೆದಿದ್ದರೆ ಬಿಲದೊಳಗೆ ಹೋಗಿ ಕೂರಬಹುದಿತ್ತು. ಅವಳು ತೆಗೆಯಲಿಲ್ಲ. ಕಪ್ಪೆಗಳು ಎದ್ದ ಮೇಲೆ ಇದೇ ಅಮೀನ ಹೋಗಿ, ಒಬ್ಬೊಬ್ಬರ ಕಿವಿಗೂ ಬೀಳುವಂತೆ ನೋಟಿಸು ಹೇಳಬೇಕು ಎಂದಳು. ಹೊರಡುವಾಗ ಮೊಲ ಹತ್ತಿರ ಬಂದು, "ಅಮೀನರೇ, ಮುಂದಿನ ಸಲ ನಮ್ಮನೆಗೆ ಬಂದಾಗ ನಾವು ಎದ್ದಿದೀವೋ ಇಲ್ಲವೋ ನೋಡ್ಕೊಳ್ಳಿ," ಎಂದಿತು.

ಆ ಬೇಸಿಗೆಯಲ್ಲಿ ಮೊನಚಯ್ಯನೂ ಎರಡು ಗುಡ್ಡ ದಾಟಿದ. ದಾರಿಯುದ್ದಕ್ಕೂ ಹೆಂಡತಿ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಮುಂಗಾರು ಬಿತ್ತು. ಕೆಸರು ಅಲುಗಾಡಿತು, ಕಪ್ಪೆಗಳು ಮೇಲೆ ಬಂದವು. ಮೊನಚಯ್ಯ ಮಳೆಯಲ್ಲಿ ತೊಯ್ಯುತ್ತಾ ಒಬ್ಬೊಬ್ಬರ ಮುಂದೆಯೂ ಬಗ್ಗಿ ನೋಟಿಸು ಹೇಳಿದ. ಮುನ್ನೂರ ಹನ್ನೊಂದು ಕಪ್ಪೆಗಳಿದ್ದವು. ಬೈಗುಳಕ್ಕೆ ಅವನು ಸಿದ್ಧನಾಗಿ ಬಂದಿದ್ದ. ಎಲ್ಲರಿಗಿಂತ ಹಿರಿಯಳಾದ ಕೆಸರಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಇಷ್ಟು ಕಾಲದಲ್ಲಿ ನಮ್ಮನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ ಕಣಪ್ಪಾ," ಎಂದಳು. "ಈ ಮಳೆಯಲ್ಲಿ ನೀನು ಹುಡುಕಿಕೊಂಡು ಬಂದೆ. ನಿನ್ನ ಮಕ್ಕಳು ತಣ್ಣಗಿರಲಿ."

ಅವನು ಮಳೆಯ ನೀರನ್ನು ಮುಖದಿಂದ ಒರೆಸಿಕೊಂಡ. ನಿಜ ಹೇಳಲು ಅದು ಸರಿಯಾದ ಹೊತ್ತಾಗಿತ್ತು. ಇನ್ನೂ ಇಬ್ಬರಿಗೆ ನೋಟಿಸು ಹೇಳುವುದಿದೆ ಎಂದು ನೆಪ ಹೇಳಿ ಹೊರಟ.

ನ್ಯಾಯಾಲಯ ಮತ್ತೆ ಸೇರಿತು. ಬೇಸಿಗೆಯ ಕಥೆಯನ್ನು ಯಾರೂ ಕಪ್ಪೆಗಳಿಗೆ ಹೇಳಲಿಲ್ಲ. ಕಾಡಿನಲ್ಲಿ ಅಷ್ಟು ಮರ್ಯಾದೆ ಇನ್ನೂ ಉಳಿದಿತ್ತು. ಮೊನಚಯ್ಯನಿಗೆ ಅದು ಬೈಗುಳಕ್ಕಿಂತ ಭಾರವಾಯಿತು. ಜವುಗು ಮೂಲೆಯ ಮೊದಲ ಹಕ್ಕು ಕಪ್ಪೆಗಳದು ಎಂದು ಭದ್ರಮ್ಮ ಬರೆಸಿದಳು. ಆಗ ಕೆಸರಜ್ಜಿ ಕುಪ್ಪಳಿಸಿ ಮುಂದೆ ಬಂದು, ದಂಡೆಯ ಕಡೆಯ ಎರಡು ಮೊಳ ಜಾಗದಲ್ಲಿ ಇನ್ನುಮುಂದೆ ನಾವು ಯಾರೂ ಮಲಗುವುದಿಲ್ಲ, ಬೇಸಿಗೆಯಲ್ಲಿ ಅಲ್ಲಿ ಅಮೀನರ ಮನೆಯವರು ಕೆದಕಿ ಕುಡಿಯಲಿ ಎಂದಳು. ಸುಮ್ಮನೆ ಬರೆದರೆ ಸಾಲದು, ಪ್ರಾಮಾಣಿಕ ಅಮೀನರಿಗೆ ಎಂದೇ ಬರೆಯಬೇಕು ಎಂದು ಹಟ ಹಿಡಿದಳು.

"ಇದಕ್ಕೆ ಯಾರದಾದರೂ ತಕರಾರಿದೆಯೇ?" ಎಂದು ಭದ್ರಮ್ಮ ಕೇಳಿದಳು. ಎಲ್ಲರ ಕಡೆಗೂ ಒಮ್ಮೆ ನೋಡಿದಳು. ಮೊನಚಯ್ಯನ ಕಡೆಗೆ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ಮೊನಚಯ್ಯ ಬಾಯಿ ತೆರೆದ. ಚಿಕ್ಕ ಮರಿ ತಾಯಿಗೆ ಒರಗಿ ಕೂತಿತ್ತು. ಅವನು ಬಾಯಿ ಮುಚ್ಚಿದ.

ತೀರ್ಪು ಹಾಗೆಯೇ ಉಳಿಯಿತು. ಯಾರೂ ಮರೆಯಬಾರದೆಂದು ಅದನ್ನು ಪ್ರತಿ ಮುಂಗಾರಿನಲ್ಲೂ ಅಮೀನನೇ ಎಲ್ಲರ ಮುಂದೆ ಓದಬೇಕೆಂದು ಭದ್ರಮ್ಮ ಕೊನೆಯಲ್ಲಿ ಸೇರಿಸಿದ್ದಳು. ಮೊನಚಯ್ಯ ವರ್ಷವರ್ಷವೂ ಓದಿದ. ಮೊಲದ ಹಕ್ಕು, ನವಿಲಿನ ಹಕ್ಕು, ಕಾಡುಕೋಣದ ಹಕ್ಕು ಎಲ್ಲವನ್ನೂ ಸ್ಪಷ್ಟವಾಗಿ ಓದುತ್ತಿದ್ದ. ಕೊನೆಯ ಸಾಲಿನ ಪ್ರಾಮಾಣಿಕ ಅಮೀನರಿಗೆ ಎಂಬಲ್ಲಿಗೆ ಬಂದಾಗ ಮಾತ್ರ ಮೆಲ್ಲಗೆ ಓದುತ್ತಿದ್ದ.

"ಅದನ್ನು ಗಟ್ಟಿಯಾಗಿ ಓದಪ್ಪಾ," ಎನ್ನುತ್ತಿದ್ದಳು ಕೆಸರಜ್ಜಿ. "ಹಿಂದೆ ಕೂತವರಿಗೂ ಕೇಳಲಿ."

ನೀತಿ: ನಿಯಮದ ಅಕ್ಷರವನ್ನು ಪಾಲಿಸಿ ಇನ್ನೊಬ್ಬರ ಹಕ್ಕನ್ನು ಕಸಿಯುವುದೂ ಮೋಸವೇ, ಅದನ್ನು ಒಪ್ಪಿಕೊಳ್ಳದವನಿಗೆ ಸಿಗುವ ಹೊಗಳಿಕೆಯೇ ಶಿಕ್ಷೆ.